ಕರುಣೆಗೆ ಸಾಕ್ಷಿ ಹೇಳುವ ಧೈರ್ಯವೂ ಬೇಕು

ಕೊಂದವನನ್ನು ಅಲ್ಲೇ ಮುಗಿಸಬೇಕು, ಕಳ್ಳನ ಕೈ ಮುರಿಯಬೇಕು, ಅವರು ನಮ್ಮವನನ್ನು ಹೊಡೆದರೆ ನಾವು ಅವರಲ್ಲಿ ಇಬ್ಬರನ್ನು ಹೊಡೆಯಬೇಕು. ಕೋಲಾರದ ಟೀ ಅಂಗಡಿಗಳಿಂದ ಹಿಡಿದು ನ್ಯಾಯಾಲಯದ ಆವರಣದವರೆಗೆ ಇಂಥ ಮಾತುಗಳು ಈಗ ಸಲೀಸಾಗಿ ಕಿವಿಗೆ ಬೀಳುತ್ತಿವೆ. ಆಡುವವರಲ್ಲಿ ಕೆಟ್ಟವರು ಕಡಿಮೆ. ಹೊಲದಲ್ಲಿ ಬೆವರು ಸುರಿಸುವವರು, ಮಕ್ಕಳ ಶುಲ್ಕಕ್ಕೆ ಸಾಲ ಮಾಡಿದವರು, ಪಕ್ಕದ ಮನೆಯವರಿಗೆ ಹುಷಾರಿಲ್ಲವೆಂದರೆ ನಡುರಾತ್ರಿ ಆಟೊ ಕರೆತರುವವರು. ಅಂಥವರ ಬಾಯಲ್ಲಿ ಈ ಮಾತು ಬರುತ್ತದಲ್ಲ, ಅದೇ ನನ್ನ ನಿದ್ದೆ ಕೆಡಿಸುತ್ತದೆ.

ವಕೀಲಳಾಗಿ ಹೊಡೆದಾಟ, ಕೊಲೆಯ ಪ್ರಕರಣಗಳನ್ನು ಹತ್ತಿರದಿಂದ ನೋಡುತ್ತೇನೆ. ಎರಡೂ ಕಡೆಯವರು ಬರುವುದು ಒಂದೇ ಬಸ್ಸಿನಲ್ಲಿ, ಒಂದೇ ಹೋಬಳಿಯಿಂದ. ಹಾಗಾಗಿ ಹಿಂಸೆಗೆ ಕರುಣೆಯಿಂದ ಉತ್ತರ ಕೊಡಬೇಕು ಎಂದಾಗ ಯಾರಾದರೂ ನಕ್ಕರೆ ನನಗೆ ನೋವಾಗುತ್ತದೆ. ಕರುಣೆ ಎಂದರೆ ಕೈಲಾಗದವರ ಮಾತು ಎಂದು ಅವರು ತಿಳಿದಿದ್ದಾರೆ.

2023ರ ಜುಲೈ ನೆನಪಿರಬಹುದು. ನಮ್ಮ ಎಪಿಎಂಸಿ ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಅಣ್ಣನ ಜೊತೆ ಮಂಡಿಗೆ ಹೋಗಿದ್ದೆ. ಲಾರಿಯ ಕ್ಯಾಬಿನ್‌ನಿಂದ ಮೊಬೈಲ್ ಕದ್ದನೆಂದು ಒಬ್ಬ ಹುಡುಗನನ್ನು ಹಿಡಿದು ಕಂಬಕ್ಕೆ ಕಟ್ಟಿದ್ದರು. ಅಂಗಿ ಹರಿದಿತ್ತು, ಕಿವಿಯ ಹತ್ತಿರ ರಕ್ತ. ಸುತ್ತ ನಿಂತವರಲ್ಲಿ ಅರ್ಧ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಒಬ್ಬ ಹೊಡೆದು ಸರಿದರೆ ಇನ್ನೊಬ್ಬ ಮುಂದೆ ಬರುತ್ತಿದ್ದ. ಕಳೆದುಹೋದ ಮೊಬೈಲ್ ಅವರಲ್ಲಿ ಯಾರದ್ದೂ ಆಗಿರಲಿಲ್ಲ.

ಕಾಯಿ ಆರಿಸುವ ಕೆಲಸದ ಒಬ್ಬ ಹೆಂಗಸು ಕೈಯಲ್ಲಿದ್ದ ಬುಟ್ಟಿ ಇಳಿಸಿ ಗುಂಪಿನೊಳಗೆ ನುಗ್ಗಿದರು. ವಯಸ್ಸಾದವರು, ಸೊಂಟಕ್ಕೆ ಸೆರಗು ಬಿಗಿದಿದ್ದರು. ಹುಡುಗನ ಪಕ್ಕ ನೆಲದ ಮೇಲೆ ಕುಳಿತು ಕೇಳಿದರು: "ಏನಪ್ಪಾ, ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ?"

ಹುಡುಗ ಬಿಕ್ಕಿ ಬಿಕ್ಕಿ ಅಳತೊಡಗಿದ. ಹೊಡೆಯಲು ಬಂದಿದ್ದವನ ಕೈ ಕೆಳಗಿಳಿಯಿತು. "ಅಮ್ಮಾ, ನೀನು ಎದ್ದೇಳು" ಎಂದು ಯಾರೋ ಗದರಿದರು. ಆಕೆ ಏಳಲಿಲ್ಲ. ನನ್ನ ಕರಿ ಕೋಟು ನೋಡಿ, "ಲಾಯರಮ್ಮ, ಪೊಲೀಸರಿಗೆ ಫೋನ್ ಮಾಡಿ" ಎಂದರು. ಆಗಲೇ 112ಕ್ಕೆ ಕರೆ ಮಾಡಿದ್ದೆ. ಪೊಲೀಸರು ಬರುವವರೆಗೂ ಆಕೆ ಅಲ್ಲೇ ಕುಳಿತಿದ್ದರು. ಹುಡುಗನ ಮೇಲೆ ಪ್ರಕರಣ ದಾಖಲಾಯಿತು, ಆಗಬೇಕಾದದ್ದೇ. ಮೊಬೈಲ್ ಕಳೆದುಕೊಂಡ ಚಾಲಕನ ನಷ್ಟವೂ ನಷ್ಟವೇ.

ಆಕೆ ಕೇಳಿದ ಪ್ರಶ್ನೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಹೆಸರು ಕೇಳಬಹುದಿತ್ತು. ನಮ್ಮಲ್ಲಿ ಹೆಸರು ಕೇಳಿದರೆ ಜಾತಿ ಬರುತ್ತದೆ, ಧರ್ಮ ಬರುತ್ತದೆ, ಊರು ಕೇಳಿದರೆ ಹೊರಗಿನವನೋ ಒಳಗಿನವನೋ ಎಂಬ ಲೆಕ್ಕ ಶುರುವಾಗುತ್ತದೆ. ಆ ಗುಂಪಿಗೆ ಒಂದು ಹೆಸರು ಸಿಕ್ಕಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಆಕೆ ಹೊಟ್ಟೆಯ ವಿಷಯ ಕೇಳಿದರು. ಹಸಿವಿಗೆ ಅವರ ಕಡೆ, ನಮ್ಮ ಕಡೆ ಎಂದಿಲ್ಲ. ಆ ಕ್ಷಣದಲ್ಲಿ ಅಲ್ಲಿದ್ದ ಯಾರಿಗೂ ಹೊಳೆಯದ ವಿವೇಕ ಅದು.

ಇದು ಸಣ್ಣ ಕಳವು, ಮನೆಯವರೇ ಹತರಾದಾಗ ಕರುಣೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2018ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ಆಸನ್ಸೋಲ್‌ನಲ್ಲಿ ರಾಮನವಮಿಯ ಗಲಭೆ ನಡೆದಾಗ ಅಲ್ಲಿನ ಮಸೀದಿಯ ಇಮಾಮ್ ಇಮ್ದಾದುಲ್ ರಶೀದಿ ಅವರ ಹದಿನಾರು ವರ್ಷದ ಮಗ ಕೊಲೆಯಾದ. ಆಗಷ್ಟೇ ಹತ್ತನೇ ತರಗತಿಯ ಪರೀಕ್ಷೆ ಬರೆದಿದ್ದ ಹುಡುಗ. ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು, ರಕ್ತ ಕುದಿಯುತ್ತಿತ್ತು. ಸೇಡು ತೀರಿಸಿಕೊಂಡರೆ ನಾನು ಈ ಊರನ್ನೇ ಬಿಟ್ಟು ಹೋಗುತ್ತೇನೆ ಎಂದು ತಂದೆ ಹೇಳಿದರು. ಜನ ಮನೆಗೆ ಮರಳಿದರು.

ಅದೇ ವರ್ಷ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅಂಕಿತ್ ಸಕ್ಸೇನಾ ಎಂಬ ಯುವಕನನ್ನು ಅವನು ಪ್ರೀತಿಸಿದ ಮುಸ್ಲಿಂ ಹುಡುಗಿಯ ಮನೆಯವರು ಕೊಂದರು. ತಂದೆ ಯಶಪಾಲ್ ಸಕ್ಸೇನಾ ಅವರು ಇದಕ್ಕೆ ಧರ್ಮದ ಬಣ್ಣ ಬಳಿಯಬೇಡಿ ಎಂದರು. ಕೆಲವೇ ತಿಂಗಳಲ್ಲಿ ರಂಜಾನ್ ಬಂದಾಗ ನೆರೆಹೊರೆಯವರನ್ನು ಕರೆದು ಇಫ್ತಾರ್ ಏರ್ಪಡಿಸಿದರು. ಆದರೆ ಪ್ರಕರಣದ ಬೆನ್ನು ಬಿಡಲಿಲ್ಲ, 2024ರಲ್ಲಿ ಮೂವರು ಅಪರಾಧಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಸಮುದಾಯದ ಮೇಲೆ ದ್ವೇಷ ಸಾಧಿಸದೆ, ಕೊಂದವರನ್ನು ಕಾನೂನಿನ ಕೈಗೆ ಒಪ್ಪಿಸಿ, ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ನಡೆದ ಆ ತಂದೆಯನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ.

ಇಲ್ಲೇ ಒಂದು ಎಚ್ಚರವೂ ಬೇಕು. ಪೆಟ್ಟು ತಿಂದವರಿಗೆ "ಕ್ಷಮಿಸಿಬಿಡಿ" ಎಂದು ಉಪದೇಶ ಮಾಡುವ ಹಕ್ಕು ನಮಗೆ ಯಾರಿಗೂ ಇಲ್ಲ. ಆ ಇಬ್ಬರು ತಂದೆಯರೂ ತಾವಾಗಿ ಆರಿಸಿಕೊಂಡ ದಾರಿ ಅದು. ಹಳ್ಳಿಗಳಲ್ಲಿ ರಾಜಿ ಪಂಚಾಯಿತಿಯ ಹೆಸರಿನಲ್ಲಿ ನಡೆಯುವುದು ಬಹುಪಾಲು ಬಡವರ ಬಾಯಿ ಮುಚ್ಚಿಸುವ ಕೆಲಸ. "ಊರಲ್ಲಿ ಒಟ್ಟಿಗೆ ಬಾಳಬೇಕಲ್ಲಮ್ಮ" ಎಂದು ದೂರು ವಾಪಸ್ ತೆಗೆಸುತ್ತಾರೆ. ಅದಕ್ಕೆ ಸೌಹಾರ್ದ ಎಂಬ ಹೆಸರು ಕೊಡಬೇಡಿ.

ಕಂಬಾಲಪಲ್ಲಿಯನ್ನು ನಮ್ಮ ಸೀಮೆಯವರು ಮರೆಯಬಾರದು. ಚಿಂತಾಮಣಿ ತಾಲ್ಲೂಕಿನ ಊರು. ಆಗ ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರದಲ್ಲಿದೆ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಅವರು ಮನೆಯೊಳಗಿದ್ದಾಗಲೇ ಬೆಂಕಿ ಹಚ್ಚಿ ಸುಟ್ಟರು. ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ಮೊದಲು ಕೊಟ್ಟ ಹೇಳಿಕೆಯಿಂದ ಹಿಂದೆ ಸರಿದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಳು ಜೀವಗಳು ಬೂದಿಯಾದವು, ಕೊಂದವರು ಯಾರೂ ಇಲ್ಲ. ಸಾಕ್ಷಿಗಳನ್ನು ಬೈಯುವುದು ಸುಲಭ. ಸಾಕ್ಷಿ ಹೇಳಿ ಸಂಜೆ ಅದೇ ಊರಿಗೆ, ಅದೇ ಜಮೀನುದಾರರ ಹೊಲಕ್ಕೆ ಕೂಲಿಗೆ ಹೋಗಬೇಕಾದವರ ಭಯ ಎಂಥದ್ದೆಂದು ಕಟಕಟೆಯ ಹತ್ತಿರ ನಿಂತು ನೋಡಿದವರಿಗೆ ತಿಳಿದಿದೆ. ಸಮನ್ಸ್ ಕಾಗದವನ್ನು ಮಡಚಿ ಮಡಚಿ ಬೆರಳಷ್ಟು ಮಾಡಿಕೊಂಡು ಕುಳಿತಿರುತ್ತಾರೆ, ಹೆಸರು ಕೂಗಿದರೂ ಏಳುವುದಿಲ್ಲ.

ಅಂಥವರ ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ? ನನ್ನ ಮಟ್ಟಿಗೆ ಕರುಣೆ ಎಂದರೆ ಅದು. ಮಂಡಿಯಲ್ಲಿ ಆ ತಾಯಿ ಮಾಡಿದ್ದೂ ಅದನ್ನೇ: ಏಟು ಬೀಳುವ ಜಾಗದಲ್ಲಿ ಹೋಗಿ ಕುಳಿತರು. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ಅಂಗೀಕರಿಸಿದೆ. ಬೆದರಿಕೆ ಇರುವವರು ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಹಿಂಸೆಗೆ ಗುರಿಯಾದ ಕುಟುಂಬ ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಈ ಮಾತು ಎಷ್ಟೋ ಸಂತ್ರಸ್ತರ ಕಿವಿಗೆ ತಲುಪಿಲ್ಲ. ಶವದ ಮುಂದೆ ಭಾಷಣ ಮಾಡಲು ಬರುವವರು ಅರ್ಜಿ ಬರೆಯುವ ಹೊತ್ತಿಗೆ ಊರಲ್ಲಿ ಇರುವುದಿಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ಆರೋಪಿಯ ಮನೆಯವರೂ ಮನುಷ್ಯರೇ. ಜೈಲಿನ ಗೇಟಿನ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡು ನಿಂತ ತಾಯಂದಿರನ್ನು ನೋಡಿದ್ದೇನೆ. ಅಪ್ಪ ಮಾಡಿದ ಕೊಲೆಗೆ ಮೂರನೇ ತರಗತಿಯ ಮಗುವನ್ನು ಬೆಂಚಿನಿಂದ ದೂರ ಕೂರಿಸುವುದು ಯಾವ ನ್ಯಾಯ? ಶಿಕ್ಷೆ ಅಪರಾಧಿಗೆ ಆಗಲಿ, ಪೂರ್ತಿ ಆಗಲಿ. ಅದು ಮಗುವಿನ ತಟ್ಟೆಯವರೆಗೆ ಹರಿಯಬಾರದು.

ಹೊಡೆಯುವ ವಿಡಿಯೊ ನಿಮ್ಮ ಮೊಬೈಲ್‌ಗೆ ಬಂದರೆ ದಯವಿಟ್ಟು ಯಾರಿಗೂ ಕಳುಹಿಸಬೇಡಿ, ಪೊಲೀಸರಿಗೆ ಕೊಡಿ. ನಿಮ್ಮ ಊರಿನ ಯಾರಿಗಾದರೂ ಸಾಕ್ಷಿ ಸಮನ್ಸ್ ಬಂದಿದ್ದು, ಹೋಗಲು ಹೆದರುತ್ತಿದ್ದರೆ ಜೊತೆಗೆ ಹೋಗಿ. ಕೋಲಾರದ ನ್ಯಾಯಾಲಯವಾದರೆ ಹಿಂದಿನ ದಿನವೇ ನನಗೆ ಸಂದೇಶ ಕಳುಹಿಸಿ. ಬೆಳಿಗ್ಗೆ ಹತ್ತೂವರೆಗೆ ಮುಖ್ಯ ಬಾಗಿಲ ಬಳಿ ಇರುತ್ತೇನೆ, ಒಟ್ಟಿಗೆ ಒಳಗೆ ಹೋಗೋಣ.