ಎರಡು ಸಾಲಿನ ಸ್ವಾಗತ ಭಾಷಣ

ಮಂಡ್ಯದ ಬೆಲ್ಲವನ್ನು ಮನೆಗೆ ತಲುಪಿಸುವವರು ಯಾರಿದ್ದಾರೆಂದು ಗೂಗಲ್‌ನಲ್ಲಿ ಹುಡುಕಿದರೆ, ಶೀರ್ಷಿಕೆಯ ಕೆಳಗಿನ ಎರಡು ಸಾಲುಗಳಲ್ಲಿ ಬೆಲ್ಲದ ಬಗೆ, ಬೆಲೆಗಳ ಬದಲು ‘ನಮ್ಮ ಜಾಲತಾಣಕ್ಕೆ ತಮಗೆ ಆದರದ ಸ್ವಾಗತ’ ಎಂಬ ಒಕ್ಕಣೆಯೇ ಕಾಣುತ್ತದೆ. ಸಂಪರ್ಕ ಪುಟಕ್ಕೂ ಅದೇ, ಬೆಲೆಪಟ್ಟಿಗೂ ಅದೇ. ಇನ್ನು ಕೆಲವರು ‘ಮಂಡ್ಯ ಬೆಲ್ಲ, ಬೆಲ್ಲ ಮಂಡ್ಯ, ಸಾವಯವ ಬೆಲ್ಲ’ ಎಂದು ಜಪಮಾಲೆ ಎಣಿಸುತ್ತಾರೆ; ಈ ಎರಡು ಸಾಲಿಗೆಂದು ಜಾಲತಾಣದವರು ಪುಟದ ಕೋಡ್‌ನಲ್ಲಿ ಬರೆದಿಡುವ ಮೆಟಾ ವಿವರಣೆಯನ್ನು ಹುಡುಕಾಟದ ಪಟ್ಟಿಯಲ್ಲಿನ ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದ್ದರೂ ಆ ಜಪ ನಿಂತಿಲ್ಲ. ಆ ವಿವರಣೆ ಇರುವುದು ಓದುವವರಿಗಾಗಿ, ಅದೂ ಪರದೆಯ ಅಗಲಕ್ಕೆ ತಕ್ಕಂತೆ ತುಂಡಾಗುವುದರಿಂದ ಮುಖ್ಯ ಮಾತು ಮೊದಲೇ ಬರಬೇಕು. ಆದರೆ ನಮ್ಮವರು ‘ಸಕ್ಕರೆ ನಾಡಿನ ಹೆಮ್ಮೆಯ, ಪರಂಪರಾಗತ’ ಎಂದು ಪೀಠಿಕೆ ಹಾಕುತ್ತಿರುವಾಗಲೇ ಮೂರು ಚುಕ್ಕೆಗಳು ಬಂದು ಬೆಲ್ಲ ಕಾಣೆಯಾಗುತ್ತದೆ. ವಿವರಣೆ ಹುಡುಕಾಟಕ್ಕೆ ಹೊಂದದಿದ್ದರೆ ಗೂಗಲ್ ಪುಟದೊಳಗಿಂದಲೇ ಯಾವುದಾದರೂ ತುಣುಕನ್ನು ಎತ್ತಿ ತೋರಿಸುವುದುಂಟು (ಆ ತುಣುಕು ಬಹುಪಾಲು ಮಾಲೀಕರ ತಾತನ ಚರಿತ್ರೆಯಾಗಿರುತ್ತದೆ ಎಂಬುದು ಬೇರೆ ಮಾತು). ಉಂಡೆಯೋ ಅಚ್ಚೋ, ಕಿಲೋಗೆ ಎಷ್ಟು, ಮೈಸೂರಿಗೆ ಕಳುಹಿಸುವರೋ ಇಲ್ಲವೋ ಎಂಬಿಷ್ಟನ್ನು ಆ ಜಾಗದಲ್ಲಿ ಬರೆಯಲು ಇವರಿಗೇನು ಕಷ್ಟವೋ ತಿಳಿಯದು. ಫೋನ್ ಮಾಡಿದರೆ ಇದೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.