ಕೀ ಬಾಗಿಲಲ್ಲಿಡಿ ಅನ್ನಬೇಡಿ, ಕಂಟೇನರ್ ತೆಗೆದು ನೋಡಿ

ಕಾರಿನ ಕೀ ಬಾಗಿಲ ಹತ್ತಿರವೇ ಇಟ್ಟುಬಿಡಿ, ಇಲ್ಲದಿದ್ದರೆ ಕಳ್ಳರು ಮನೆಯೊಳಗೆ ನುಗ್ಗುತ್ತಾರೆ. 2024ರಲ್ಲಿ ಇಲ್ಲಿ ಕೆನಡಾದಲ್ಲಿ, ಟೊರಾಂಟೊದ ಪೊಲೀಸ್ ಅಧಿಕಾರಿಯೊಬ್ಬರು ಸಭೆಯಲ್ಲಿ ಜನರಿಗೆ ಕೊಟ್ಟ ಸಲಹೆ ಇದು. ಕೇಳಿದಾಗಲೇ ಮೈಯೆಲ್ಲ ಉರಿದಿತ್ತು. ಈಗ ನಮ್ಮ ಟೊಯೋಟಾ ಹೈಲ್ಯಾಂಡರ್ ಕಾರು ಕೂಡ ಕಳುವಾಯಿತು.

ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸುತ್ತಲೂ ಹಿಮ, ಕಾರು ನಿಂತಿದ್ದಷ್ಟು ಜಾಗ ಮಾತ್ರ ಕಪ್ಪಗೆ ಒಣಗಿದೆ. ಮಗಳ ಸೀಟು, ಅವಳ ಸ್ಕೇಟಿಂಗ್ ಶೂ ಎಲ್ಲ ಅದರಲ್ಲೇ ಇತ್ತು. ಕಳ್ಳರು ಮಾಡುವುದು ಹೀಗೆ: ಒಬ್ಬ ಮನೆ ಬಾಗಿಲ ಬಳಿ ಆಂಟೆನಾ ಹಿಡಿದು ನಿಲ್ಲುತ್ತಾನೆ, ಒಳಗಿರುವ ಕೀಯ ಸಿಗ್ನಲ್ ಹಿಡಿದು ಕಾರಿನ ಹತ್ತಿರ ಇರುವವನಿಗೆ ದಾಟಿಸುತ್ತಾನೆ. ಮಾಲೀಕರೇ ಬಂದರು ಅಂತ ಕಾರು ಬಾಗಿಲು ತೆಗೆಯುತ್ತದೆ. ಅಷ್ಟು ದುಡ್ಡು ಸುರಿದು ತಗೊಂಡ ಗಾಡಿ ಸ್ವಾಮಿ ಇದು!

ಆಮೇಲೆ ಏನಾಗುತ್ತದೆ ಅಂತಲೂ ಎಲ್ಲರಿಗೂ ಗೊತ್ತು. ಟ್ರ್ಯಾಕರ್ ಇದೆಯಾ ಅಂತ ನೋಡೋಕೆ ಯಾವುದೋ ಪಾರ್ಕಿಂಗ್‌ನಲ್ಲಿ ಒಂದೆರಡು ದಿನ ಬಿಡುತ್ತಾರೆ. ಯಾರೂ ಹುಡುಕಿಕೊಂಡು ಬರಲಿಲ್ಲ ಅಂದರೆ ಕಂಟೇನರ್‌ಗೆ ತುಂಬುತ್ತಾರೆ. ಕಾಗದದಲ್ಲಿ ಬೇರೇನೋ ಸಾಮಾನು ಅಂತ ಬರೆದು ಮಾಂಟ್ರಿಯಲ್ ಬಂದರಿಗೆ ಕಳಿಸುತ್ತಾರೆ. ಅಲ್ಲಿಂದ ಹಡಗಿನಲ್ಲಿ ಪಶ್ಚಿಮ ಆಫ್ರಿಕಾ, ಇಲ್ಲಾ ಅರಬ್ ದೇಶಗಳು.

ನನಗೆ ಸಿಟ್ಟು ಬರುವುದೇ ಇಲ್ಲಿ. ಅದೇ ಬಂದರಿನಲ್ಲಿ 2023ರ ಡಿಸೆಂಬರ್‌ನಿಂದ ಕೆಲವೇ ತಿಂಗಳಲ್ಲಿ ಸುಮಾರು 400 ಕಂಟೇನರ್ ತೆಗೆದು ನೋಡಿದರು. 598 ಕಾರು ಸಿಕ್ಕವು! ಹೆಚ್ಚಿನವು ನಮ್ಮ ಒಂಟಾರಿಯೊ ಪ್ರಾಂತ್ಯದವೇ. ಹುಡುಕಿದರೆ ಸಿಗುತ್ತದೆ ಅಂತ ಆಯ್ತಲ್ವಾ? ಹಾಗಾದರೆ ದಿನವೂ ಯಾಕೆ ಹುಡುಕುವುದಿಲ್ಲ? ನ್ಯಾಯ ಮಂತ್ರಿಗೆ ಕೊಟ್ಟ ಸರ್ಕಾರಿ ಕಾರೇ ಕಳುವಾದ ದೇಶ ಇದು. 2024ರ ಫೆಬ್ರವರಿಯಲ್ಲಿ ರಾಜಧಾನಿ ಒಟ್ಟಾವಾದಲ್ಲಿ ಕಾರು ಕಳವಿನ ಬಗ್ಗೆ ದೊಡ್ಡ ಸಭೆಯನ್ನೂ ಮಾಡಿದರು. ನಮ್ಮ ಬೀದಿಯಲ್ಲಿ ಕಂಡ ಬದಲಾವಣೆ ಒಂದೇ. ಜನ ಕಾರಿನ ಮುಂದೆ ಸ್ವಂತ ದುಡ್ಡಿನಲ್ಲಿ ಕಬ್ಬಿಣದ ಕಂಬ ನೆಡಿಸಿಕೊಂಡಿದ್ದಾರೆ.

"ಇನ್ಶೂರೆನ್ಸ್ ಇದೆಯಲ್ಲ, ಬಿಡಿ" ಅಂತ ದಯವಿಟ್ಟು ಯಾರೂ ಹೇಳಬೇಡಿ. ಕಾರು ಕಳುವಿಗೆ 2023ರಲ್ಲಿ ಇಲ್ಲಿನ ವಿಮಾ ಕಂಪನಿಗಳು ಕೊಟ್ಟಿದ್ದು 150 ಕೋಟಿ ಡಾಲರ್. ಅದು ಯಾರ ದುಡ್ಡು? ನಾವೆಲ್ಲ ತಿಂಗಳು ತಿಂಗಳು ಕಟ್ಟಿದ್ದು. ನನಗೀಗ ಹೊಸ ಕಾರಿಗೆ ಟ್ರ್ಯಾಕರ್ ಹಾಕಿಸಿ, ಇಲ್ಲವಾದರೆ ಪ್ರೀಮಿಯಂ ಜಾಸ್ತಿ ಅಂತಿದ್ದಾರೆ. ಸ್ಟೀರಿಂಗ್ ಲಾಕ್, ಸಿಗ್ನಲ್ ಹೊರಗೆ ಹೋಗದಂತೆ ಕೀ ಇಡುವ ಚೀಲ, ಟ್ರ್ಯಾಕರ್, ಎಲ್ಲ ನಾವೇ ತರಬೇಕು. ಇಷ್ಟು ಸುಲಭವಾಗಿ ಕದಿಯಬಹುದಾದ ಕಾರು ಮಾಡಿದವರನ್ನು ಯಾರೂ ಕೇಳುವುದಿಲ್ಲ. ಕಂಟೇನರ್ ತೆಗೆಯದೆ ಹಡಗು ಹತ್ತಿಸಿದವರನ್ನೂ ಕೇಳುವುದಿಲ್ಲ. ಮೊದಲು ಅವರನ್ನು ಕೇಳಿ.