ಟ್ರೈಕ್ಲೋ ಟ್ಯಾಂಕಿನ ಸಿಹಿ ವಾಸನೆ

ಪೀಣ್ಯದಲ್ಲಿ ಲೋಹದ ಪಾರ್ಟ್‌ಗಳಿಗೆ ಲೇಪನ ಹಾಕುವ ಒಂದು ಸಣ್ಣ ಪ್ಲೇಟಿಂಗ್ ಶಾಪ್‌ನಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೇನೆ. ಲೇತ್‌ನಿಂದ ಬಂದ ಪಾರ್ಟ್‌ಗಳ ಆಯಿಲ್, ಗ್ರೀಸ್ ತೆಗೆಯಲು ಅಲ್ಲೊಂದು ಟ್ಯಾಂಕ್ ಇತ್ತು. ಅದರಲ್ಲಿದ್ದದ್ದು ಟ್ರೈಕ್ಲೋರೋಎಥಿಲೀನ್. ನಮ್ಮ ಬಾಯಲ್ಲಿ ಬರೀ ‘ಟ್ರೈಕ್ಲೋ’. ಅದರ ವಾಸನೆ ಸ್ವಲ್ಪ ಸಿಹಿ, ಮೂಗಿಗೆ ಚುಚ್ಚುವುದಿಲ್ಲ. ಸ್ವಲ್ಪ ಹೊತ್ತಿಗೆ ಮೂಗಿಗೆ ಅಭ್ಯಾಸವಾಗಿ ಆ ವಾಸನೆಯೂ ಗೊತ್ತಾಗುವುದಿಲ್ಲ. ವಾಸನೆ ಹೋಯಿತು ಅಂದರೆ ಗಾಳಿ ಶುದ್ಧವಾಯಿತು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ಟ್ಯಾಂಕಿನ ತಳದಲ್ಲಿ ಹೀಟರ್, ಮೇಲೆ ಸುತ್ತಲೂ ತಣ್ಣೀರು ಹರಿಯುವ ಸುರುಳಿ ಪೈಪು, ಅಂದರೆ ಕಾಯಿಲ್. 87 ಡಿಗ್ರಿಗೆ ಟ್ರೈಕ್ಲೋ ಕುದಿಯುತ್ತದೆ, ಆವಿ ಕಾಯಿಲ್ ಹತ್ತಿರ ತಣ್ಣಗಾಗಿ ಹನಿಯಾಗಿ ಕೆಳಗೆ ಬೀಳಬೇಕು. ಕಾಯಿಲ್‌ಗೆ ನೀರು ನಿಂತರೆ? ಆವಿ ಅಂಚು ದಾಟಿ ಹೊರಗೆ ಸುರಿಯುತ್ತದೆ, ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರವಾದ್ದರಿಂದ ನೆಲದ ಮೇಲೆ, ಗುಂಡಿಯಲ್ಲಿ ಕೂರುತ್ತದೆ. ಟ್ಯಾಂಕಿನ ಕೆಸರು ಬಳಿಯಲು ತಲೆ ಒಳಗೆ ಹಾಕಿ ಬಗ್ಗುವ ಹುಡುಗ ಅದನ್ನೇ ಉಸಿರಾಡುತ್ತಾನೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಆವಿ ನಿಲ್ಲುತ್ತದಾ? ಖಂಡಿತ ಇಲ್ಲ. ಇದನ್ನೇ ಹಿಂದೆ ಆಪರೇಷನ್‌ಗೆ ಅರಿವಳಿಕೆಯಾಗಿ ಕೊಡುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಆ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ. ತಲೆ ತಿರುಗಿದಾಗ ನಮಗೆ ಹೇಳುತ್ತಿದ್ದದ್ದು ಒಂದೇ ಮಾತು, ಊಟ ಸರಿ ಮಾಡಿಲ್ಲ ನೀನು.

ಜೊತೆಗಿದ್ದವನೊಬ್ಬ ಸಂಜೆ ಒಂದು ಪೆಗ್ ಹಾಕಿದರೆ ಮುಖವೆಲ್ಲ ಕೆಂಪು ಕೆಂಪು. ನಾವು ರೇಗಿಸುತ್ತಿದ್ದೆವು. ಟ್ರೈಕ್ಲೋ ಮೈಯಲ್ಲಿದ್ದಾಗ ಮದ್ಯ ಸೇರಿದರೆ ಹಾಗಾಗುತ್ತದೆ ಅಂತ ಬಹಳ ಕಾಲದಿಂದ ವೈದ್ಯರಿಗೆ ಗೊತ್ತಿರುವ ವಿಷಯ. ಕೆಲವರಿಗೆ ಕೆಲಸಕ್ಕೆ ಸೇರಿದ ಮೊದಲ ಕೆಲವು ವಾರಗಳಲ್ಲೇ ಜ್ವರ, ಮೈತುಂಬಾ ದದ್ದು, ಲಿವರ್ ತೊಂದರೆ ಎಲ್ಲಾ ಒಟ್ಟಿಗೇ ಬರುತ್ತದೆ. ಅದು ಸುಮ್ನೆ ಅಲರ್ಜಿ ಅಲ್ಲ, ಜೀವ ಹೋಗಬಹುದು.

ಟ್ರೈಕ್ಲೋ ಮೂತ್ರಪಿಂಡದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ತೀರ್ಮಾನಿಸಿದೆ. ಅಮೆರಿಕದ ಕ್ಯಾಂಪ್ ಲೆಜೂನ್ ಎಂಬ ಸೇನಾ ನೆಲೆಯಲ್ಲಿ ಕುಡಿಯುವ ನೀರಿಗೇ ಇದು ಸೇರಿತ್ತು. ಅಲ್ಲಿದ್ದ ಸೈನಿಕರಿಗೆ ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ ಅಪಾಯ ಇನ್ನೊಂದು ನೆಲೆಯವರಿಗಿಂತ 70% ಜಾಸ್ತಿ ಎಂದು 2023ರ ಅಧ್ಯಯನ ಹೇಳಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇದರ ನಿಷೇಧಕ್ಕೆ ಆದೇಶ ಹೊರಡಿಸಿತು. ಇನ್ನು ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಇದರ ಎಂಟು ಗಂಟೆಯ ಸರಾಸರಿ ಮಿತಿ 50 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 50 ಭಾಗ ಅಂತ ಇತ್ತು. ಇತ್ತು, ಸರಿ. ಅಳೆದವರು ಯಾರು? ನಾನಿದ್ದ ಎರಡು ವರ್ಷದಲ್ಲಿ ಒಂದು ಮೀಟರ್ ಹಿಡಿದು ಒಳಗೆ ಬಂದವರನ್ನು ನಾನು ನೋಡಿಲ್ಲ.

ಬೇರೆ ದಾರಿ ಇಲ್ಲ ಎನ್ನುವ ಮಾಲೀಕರಿಗೆ ನನ್ನ ನೇರ ಮಾತು: ಬಹಳಷ್ಟು ಪಾರ್ಟ್‌ಗಳನ್ನು ಬಿಸಿನೀರು, ಕ್ಷಾರದ ಕ್ಲೀನರ್‌ನಲ್ಲೇ ತೊಳೆಯಬಹುದು. ಒಣಗಿಸಲು ಟೈಮ್ ಜಾಸ್ತಿ ಬೇಕು, ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು, ಒಪ್ಪುತ್ತೇನೆ. ಆ ಖರ್ಚನ್ನು ಈಗ ಟ್ಯಾಂಕ್ ಪಕ್ಕ ನಿಂತ ಹುಡುಗನ ಕಿಡ್ನಿ ಕಟ್ಟುತ್ತಿದೆ ಅಲ್ವಾ?

ಮೊದಲು ಇಂಥ ಟ್ಯಾಂಕ್ ಹತ್ತಿರ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ಮೂತ್ರದಲ್ಲಿ ರಕ್ತ ಕಂಡರೆ, ಕೈ ನಡುಗತೊಡಗಿದರೆ, ಡಾಕ್ಟರ್ ಹತ್ತಿರ ‘ನಾನು ಇಷ್ಟು ವರ್ಷ ಟ್ರೈಕ್ಲೋ ಟ್ಯಾಂಕಿನಲ್ಲಿ ಕೆಲಸ ಮಾಡಿದ್ದೇನೆ’ ಎಂದು ನೀವೇ ಬಾಯಿಬಿಟ್ಟು ಹೇಳಿ. ಬೀಡಿ ಸೇದ್ತೀಯಾ, ಕುಡಿತೀಯಾ ಅಂತ ನನ್ನನ್ನು ಎಲ್ಲರೂ ಕೇಳಿದ್ದಾರೆ. ಏನು ಕೆಲಸ ಮಾಡ್ತಿದ್ದೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.